ಛಾವಣಿಯ ಚಿತ್ತಾರ, ನಮ್ಮ ಓದು



ಕಳೆದ ವರ್ಷ ನಾವು ಮಕ್ಕಳೊಡನೆ ಲೇಪಾಕ್ಷಿಗೆ ಹೋಗಿದ್ದೆವು. 16ನೆಯ ಶತಮಾನದಲ್ಲಿ, ಅಚ್ಯುತದೇವರಾಯನ ಕಾಲದಲ್ಲಿ, ವಿರೂಪಣ್ಣ ಮತ್ತು ವೀರಣ್ಣ ಸೋದರರು ಕಟ್ಟಿಸಿದ ವೀರಭದ್ರ ದೇಗುಲವದು. ಅದರ ಛಾವಣಿಯ ವರ್ಣಚಿತ್ರಗಳಲ್ಲಿ ಸ್ತ್ರೀಯರ ಸೀರೆಗಳ ಅಂಚು, ಸೆರಗು, ತುರುಬು, ಒಡವೆಗಳೂ ಪುರುಷರ ನೀಳವಾದ ಕುಲಾವಿಗಳೂ ಇಂದಿಗೂ ಕಣ್ಣು ಸೆಳೆಯುತ್ತವೆ. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ತಾಯಿಯೊಬ್ಬರ ಮಗಳು ಆ ಅಂಚುಗಳನ್ನು ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತ ಕುಳಿತಳು. ಕಿರಾತಾರ್ಜುನರ ಚಿತ್ರದ ಕೆಳಗೆ ನಿಂತಿದ್ದ ಬಾಲಕನೊಬ್ಬನು, “ಮೇಡಂ, ಇದು ಕುಮಾರವ್ಯಾಸ ಹೇಳಿದ ಕಥೆಯಲ್ಲವೇ?” ಎಂದು ಕೇಳಿದನು. ನಮ್ಮ ಪಾಠ ಸಾರ್ಥಕವಾಯಿತೆನಿಸಿತು. ಚಿತ್ರವನ್ನು ಯಾರಾದರೂ ನೋಡಬಹುದು. ಅದರ ಕಥೆಯನ್ನು ತಾಯ್ನುಡಿಯ ಕಾವ್ಯದಲ್ಲಿ ಓದಿ ಬಂದವರಿಗೆ ಅದು ಮನೆಯ ಮಾತಾಗುತ್ತದೆ.

ಮಡಕಶಿರಾ ಸೀಮೆಯ ಹೇಮಾವತಿಯೇ ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು. ನೊಳಂಬರ ಕುಸುರಿ ಕಂಬಗಳನ್ನು ಚೋಳರು ತಿರುವಯ್ಯಾರಿಗೆ ಸಾಗಿಸಿದರು. ಅವು ಅಲ್ಲಿಯೂ ಸುಂದರವಾಗಿಯೇ ನಿಂತಿವೆ. ಭಾಷೆ ಹಾಗಲ್ಲ, ಓದುವ ಮಕ್ಕಳಿಲ್ಲದೆಡೆ ಅದು ನಿಲ್ಲದು. ನಮ್ಮ ತರಗತಿಗಳ ಬೆಂಚುಗಳು ವರ್ಷದಿಂದ ವರ್ಷಕ್ಕೆ ಬರಿದಾಗುತ್ತಿರುವುದನ್ನು ಈ ಶುಭವೇಳೆಯಲ್ಲಿಯೂ ಮರೆಮಾಚಲಾರೆವು.

ಆದುದರಿಂದ ಪೋಷಕರು ಮುಂದಿನ ಜೂನ್‌ನಲ್ಲಿ ತಮ್ಮ ಮಕ್ಕಳನ್ನು ಇಲ್ಲಿಗೇ ಕಳುಹಿಸಬೇಕೆಂದೂ, ಹಳೆಯ ವಿದ್ಯಾರ್ಥಿಗಳು ತಿಂಗಳಿಗೊಂದು ಶನಿವಾರ ಬಂದು ಮಕ್ಕಳ ಮುಂದೆ ಕುಮಾರವ್ಯಾಸನ ಭಾರತವನ್ನು ವಾಚಿಸಬೇಕೆಂದೂ ಪ್ರಾರ್ಥಿಸುತ್ತೇವೆ. ಆ ಹುಡುಗಿ ಬರೆದ ಅಂಚಿನ ಚಿತ್ತಾರವನ್ನೇ ಈ ಸ್ಮರಣ ಸಂಚಿಕೆಯ ಪುಟಗಳ ಅಂಚಿಗೆ ಬಳಸಿಕೊಂಡಿದ್ದೇವೆ. ಪುಟ ತಿರುವುವಾಗ ತಾವು ಗಮನಿಸಬೇಕು.