ರಾಷ್ಟ್ರ ಕಟ್ಟಿದವರಿಗೇ ದೇಶವಿಲ್ಲದಾದಾಗ

(ಕಾಲೇಜೊಂದರ ವಿಚಾರ ವೇದಿಕೆಯಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಇಪ್ಪತ್ತೇಳು ವರ್ಷ ದೇಶವಾಳಿದ ವ್ಯಕ್ತಿಗೆ ಅದೇ ದೇಶದ ನ್ಯಾಯಾಲಯ, ‘ನೀವು ಈ ದೇಶದವರೇ ಅಲ್ಲ’ ಎಂದರೆ ಹೇಗಿರುತ್ತದೆ? 1999ರ ಮಾರ್ಚ್‌ನಲ್ಲಿ ಜಾಂಬಿಯಾದ ಹೈಕೋರ್ಟ್ ಕೆನೆತ್ ಕೌಂಡಾ ಅವರಿಗೆ ಹೇಳಿದ್ದು ಇದನ್ನೇ. ಗಾಂಧೀಜಿಯ ಅಹಿಂಸೆಯನ್ನು ಮೆಚ್ಚಿ ಬ್ರಿಟಿಷರ ವಿರುದ್ಧ ಹೋರಾಡಿದ ಕೌಂಡಾ, 1964ರಿಂದ 1991ರವರೆಗೆ ಆ ದೇಶದ ಅಧ್ಯಕ್ಷರಾಗಿದ್ದರು.

ಅವರು ಹುಟ್ಟಿದ್ದು 1924ರಲ್ಲಿ, ಇಂದಿನ ಜಾಂಬಿಯಾದ ಚಿನ್ಸಾಲಿ ಬಳಿ. ಕ್ರೈಸ್ತ ಮಿಶನ್ನಿನ ಉಪಾಧ್ಯಾಯರಾಗಿದ್ದ ತಂದೆ ಮಾತ್ರ ನ್ಯಾಸಾಲ್ಯಾಂಡಿನಿಂದ, ಅಂದರೆ ಇಂದಿನ ಮಲಾವಿಯಿಂದ ಬಂದವರು. ಆಗ ಜಾಂಬಿಯಾ ಎಂಬ ದೇಶವೂ ಇರಲಿಲ್ಲ, ಮಲಾವಿಯೂ ಇರಲಿಲ್ಲ. ಎರಡೂ ಬ್ರಿಟಿಷರ ಆಡಳಿತದಲ್ಲಿದ್ದವು; 1953ರಿಂದ ಹತ್ತು ವರ್ಷ ಒಂದೇ ಒಕ್ಕೂಟದಲ್ಲೂ ಇದ್ದವು. ಆದರೆ 1996ರಲ್ಲಿ, ಕೌಂಡಾ ಮತ್ತೆ ಚುನಾವಣೆಗೆ ನಿಲ್ಲಲು ಸಜ್ಜಾಗಿದ್ದಾಗ, ಚಿಲೂಬಾ ಸರ್ಕಾರ ಸಂವಿಧಾನ ತಿದ್ದಿತು. ಅಧ್ಯಕ್ಷರಾಗಬೇಕಾದವರ ತಂದೆ ತಾಯಿ ಇಬ್ಬರೂ ಹುಟ್ಟಿನಿಂದ ಜಾಂಬಿಯಾದವರೇ ಆಗಿರಬೇಕಂತೆ! ತಮಾಷೆಯೆಂದರೆ, ಚಿಲೂಬಾ ಅವರ ತಂದೆ ಯಾರು, ಎಲ್ಲಿಯವರು ಎಂಬ ತಕರಾರೂ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 1998ರಲ್ಲಿ ಆ ಅರ್ಜಿ ಬಿದ್ದುಹೋಯಿತು.

‘ನಿನ್ನ ಅಪ್ಪ ಎಲ್ಲಿಯವನು?’ ಎಂಬ ಈ ಪ್ರಶ್ನೆಯ ಬೇರು ವಸಾಹತು ಆಡಳಿತದಲ್ಲಿದೆ ಎನ್ನುತ್ತಾರೆ ಉಗಾಂಡಾದ ವಿದ್ವಾಂಸ ಮಹಮೂದ್ ಮಮ್ದಾನಿ. ಇವರು ಭಾರತೀಯ ಮೂಲದವರು. 1972ರಲ್ಲಿ ಈದಿ ಅಮೀನ್ 90 ದಿನಗಳ ಗಡುವು ಕೊಟ್ಟು ಏಷ್ಯನ್ನರನ್ನು ಓಡಿಸಿದಾಗ ಅವರೂ ದೇಶ ಬಿಡಬೇಕಾಯಿತು. ಅವರ ವಾದ ಹೀಗಿದೆ: ಪಟ್ಟಣದ ಬಿಳಿಯರಿಗೆ ಕಾನೂನು ಮತ್ತು ಹಕ್ಕು, ಹಳ್ಳಿಯ ಕರಿಯರಿಗೆ ಬುಡಕಟ್ಟಿನ ಮುಖ್ಯಸ್ಥ ಮತ್ತು ಸಂಪ್ರದಾಯ. ಮೊದಲನೆಯವರು ಪ್ರಜೆಗಳು, ಎರಡನೆಯವರು ಬರಿಯ ಆಳಿಸಿಕೊಳ್ಳುವವರು. ಬುಡಕಟ್ಟಿಗೊಂದು ನೆಲ ಗೊತ್ತುಮಾಡಿದ ಮೇಲೆ, ಆ ನೆಲದಲ್ಲಿ ಬೇರೆಯವನು ಎಷ್ಟು ವರ್ಷ ಬಾಳಿದರೂ ಹೊರಗಿನವನೇ. ಸ್ವಾತಂತ್ರ್ಯ ಬಂದಾಗ ಬಣ್ಣದ ಭೇದ ಹೋಯಿತು, ಈ ಲೆಕ್ಕ ಹಾಗೆಯೇ ಉಳಿಯಿತು.

ಕೌಂಡಾ ಕೂಡ ದೋಷಮುಕ್ತರಲ್ಲ. ‘ಒಂದೇ ಜಾಂಬಿಯಾ, ಒಂದೇ ರಾಷ್ಟ್ರ’ ಎಂದವರು ಎಪ್ಪತ್ತರ ದಶಕದಲ್ಲಿ ಏಕಪಕ್ಷ ಆಡಳಿತ ತಂದರು, ವಿರೋಧಿಗಳನ್ನು ಸೆರೆಗೆ ಹಾಕಿದರು. ಆದರೂ 2000ದಲ್ಲಿ ಸುಪ್ರೀಂ ಕೋರ್ಟಿನಲ್ಲಿ ಅವರ ಪೌರತ್ವ ಉಳಿಯಿತು. 2021ರಲ್ಲಿ ತೀರಿಕೊಂಡಾಗ ಅವರು ಜಾಂಬಿಯಾದ ಪ್ರಜೆಯೇ ಆಗಿದ್ದರು. ತಂದೆತಾಯಿಯ ಹುಟ್ಟಿನ ಷರತ್ತನ್ನು ಅಷ್ಟರಲ್ಲಿ, 2016ರಲ್ಲೇ, ಸಂವಿಧಾನದಿಂದ ತೆಗೆದುಹಾಕಲಾಗಿತ್ತು.

ಅವರ ಪಕ್ಷದ ಜಾನ್ ಚಿನುಲಾ ಅವರಿಗೆ ಅಷ್ಟು ಅದೃಷ್ಟವಿರಲಿಲ್ಲ. 1994ರಲ್ಲಿ ಅವರನ್ನು ಹಿಡಿದು ಮಲಾವಿಗೆ ಗಡೀಪಾರು ಮಾಡಿದ್ದರು. ಅದು ತಪ್ಪೆಂದು ಆಫ್ರಿಕಾದ ಮಾನವ ಹಕ್ಕುಗಳ ಆಯೋಗ 1999ರಲ್ಲಿ ತೀರ್ಮಾನಿಸಿತು. ಅಷ್ಟರೊಳಗೆ ಚಿನುಲಾ ಮಲಾವಿಯಲ್ಲೇ ತೀರಿಕೊಂಡಿದ್ದರು.