ಖಾಲಿ ಬೇರೆ, ಸೊನ್ನೆ ಬೇರೆ: ಆನ್‌ಲೈನ್ ಕೋರ್ಸಿನಲ್ಲಿ ಅಂಕಗಳ ಲೆಕ್ಕ

ಇವತ್ತಿನ ವಿಷಯ ಕೇಳಿದರೆ ನಿಮಗೆ ಸ್ವಲ್ಪ ನಿದ್ದೆ ಬರಬಹುದು. ಆನ್‌ಲೈನ್ ಕೋರ್ಸಿನಲ್ಲಿ ವಿದ್ಯಾರ್ಥಿಗಳ ಮಾರ್ಕ್ಸ್ ನೋಡಿಕೊಳ್ಳೋದು ಹೇಗೆ ಅಂತ. "ನಾವು ಐಟಿಯವರು, ಮೇಷ್ಟ್ರ ಕೆಲಸ ನಮಗ್ಯಾಕೆ ಸ್ವಾಮಿ?" ಅಂತ ಕೇಳ್ತೀರಿ. ಆದರೆ ನಮ್ಮಲ್ಲಿ ಬಹಳ ಜನ ಒಂದಲ್ಲ ಒಂದು ರೀತಿ ಮೇಷ್ಟ್ರೇ. ಕಂಪನಿಯಲ್ಲಿ ಹೊಸಬರಿಗೆ ಟ್ರೈನಿಂಗ್ ಕೊಡ್ತೀವಿ. ಹೊರದೇಶದಲ್ಲಿ ಇರೋರು ಭಾನುವಾರ ಮಕ್ಕಳಿಗೆ ಕನ್ನಡ ಕಲಿಸ್ತಾರೆ. ಊರಿನ ಕಾಲೇಜಿನವರು "ನೀವು ಕಂಪ್ಯೂಟರ್‌ನವರಲ್ವಾ, ಇದೊಂದು ಸೆಟಪ್ ಮಾಡಿಕೊಡಿ" ಅಂತ ಫೋನ್ ಮಾಡ್ತಾರೆ. ನನಗೂ ಅಂಥದೇ ಒಂದು ಫೋನ್ ಬಂದು ಈ ಕೆಲಸ ಅಂಟಿಕೊಂಡಿತು.

ನಾನಿರೋದು ಶಹಾಡ್‌ನಲ್ಲಿ. ಗೊತ್ತಿಲ್ಲದವರಿಗೆ ಹೇಳೋದಾದರೆ, ಕಲ್ಯಾಣ ಜಂಕ್ಷನ್ ದಾಟಿ ಕಸಾರಾ ಕಡೆ ಹೊರಟರೆ ಸಿಗುವ ಮೊದಲ ಸ್ಟೇಷನ್. ವಾರವಿಡೀ ಐರೋಲಿಗೆ ಹೋಗಿ ಬರೋದು, ಶನಿವಾರ ಭಾನುವಾರ ಈ ಕಡೆಯ ಒಂದು ಕಾಲೇಜಿನ ಮೂಡಲ್ ಸೈಟ್ ನೋಡಿಕೊಳ್ಳೋದು. ಮೂಡಲ್ ಅಂದ ತಕ್ಷಣ ನಮ್ಮವರು ಮೂಡಲ ದಿಕ್ಕು ಅಂದುಕೊಳ್ತಾರೆ! ಇದು ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಸ್ ಶುರುಮಾಡಿದ ಸಾಫ್ಟ್‌ವೇರ್. ಮೊದಲ ಆವೃತ್ತಿ ಬಂದದ್ದು 2002ರಲ್ಲಿ. ಮುಕ್ತ ತಂತ್ರಾಂಶ, ಲೈಸೆನ್ಸಿಗೆ ದುಡ್ಡಿಲ್ಲ. ಹಾಗಾಗಿ ಕೈ ಬಿಗಿಯಾಗಿರುವ ಕಾಲೇಜುಗಳಿಗೆ ಒಗ್ಗುತ್ತೆ.

ಪಾಠ ಹಾಕೋದು, ವಿಡಿಯೋ ಹಾಕೋದು ಯಾರಿಗೂ ಕಷ್ಟವಾಗಲ್ಲ. ತಲೆನೋವು ಶುರುವಾಗೋದು ಗ್ರೇಡ್‌ಬುಕ್‌ನಲ್ಲಿ. ಅದರಲ್ಲೂ ಒಂದು ಪ್ರಶ್ನೆ ಇದೆ, ಉಳಿದ ಸೆಟ್ಟಿಂಗ್‌ಗಳೆಲ್ಲ ಆಮೇಲೆ. ವಿದ್ಯಾರ್ಥಿಯ ಹೆಸರಿನ ಮುಂದೆ ಒಂದು ಮನೆ ಖಾಲಿ ಇದೆ. ಆ ಖಾಲಿ ಅಂದರೆ ಏನು?

ನಮ್ಮ ಹಳೇ ಮೇಷ್ಟ್ರುಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಅಂಕಗಳ ರಿಜಿಸ್ಟರಿನಲ್ಲಿ ಪರೀಕ್ಷೆ ಬರೆದು ಏನೂ ಬಾರದವನಿಗೆ ಸೊನ್ನೆ, ಬರದೇ ಇದ್ದವನಿಗೆ ಕೆಂಪು ಶಾಯಿಯಲ್ಲಿ 'ಗೈ.ಹಾ.' ಅಂತ ಬರೀತಿದ್ದರು. ಇನ್ನೂ ಪೇಪರ್ ತಿದ್ದಿಲ್ಲ ಅಂದರೆ ಆ ಮನೆ ಖಾಲಿ. ಮೂರು ಸ್ಥಿತಿ, ಮೂರು ಗುರುತು. ಡೇಟಾಬೇಸ್ ಕೆಲಸ ಮಾಡುವವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ, 'ನಲ್' ಬೇರೆ, ಸೊನ್ನೆ ಬೇರೆ. ಎಸ್‌ಕ್ಯೂಎಲ್‌ನಲ್ಲಿ ಸರಾಸರಿ ತೆಗೆದರೆ ನಲ್ ಇರುವ ಸಾಲನ್ನ ಅದು ಲೆಕ್ಕಕ್ಕೇ ತಗೊಳ್ಳಲ್ಲ. ಮೂಡಲ್ ಕೂಡ ಹಾಗೇ. ಪ್ರತಿ ವಿಭಾಗಕ್ಕೂ 'ಖಾಲಿ ಅಂಕಗಳನ್ನು ಹೊರಗಿಡು' ಅಂತ ಒಂದು ಟಿಕ್ ಇರುತ್ತೆ. ನೀವು ಮುಟ್ಟದಿದ್ದರೆ ಅದು ಆನ್ ಆಗೇ ಇರುತ್ತೆ.

ಒಂದು ನಿಜವಾದ ನಿಯಮ ಇಟ್ಟುಕೊಂಡು ನೋಡೋಣ. ನಿಮ್ಮಲ್ಲಿ ಎಷ್ಟೋ ಜನ ಎನ್‌ಪಿಟೆಲ್ ಕೋರ್ಸ್ ಮಾಡಿರ್ತೀರಿ. 12 ವಾರದ ಕೋರ್ಸಾದರೆ ವಾರಕ್ಕೊಂದು ಅಸೈನ್‌ಮೆಂಟ್, ಅದರಲ್ಲಿ ಒಳ್ಳೆಯ 8ರ ಸರಾಸರಿಗೆ 25 ಅಂಕ, ಕೊನೆಯ ಪರೀಕ್ಷೆಗೆ 75. ಸರ್ಟಿಫಿಕೇಟ್ ಬೇಕು ಅಂದರೆ 25ಕ್ಕೆ ಕನಿಷ್ಠ 10 ಬರಬೇಕು, 75ಕ್ಕೆ ಕನಿಷ್ಠ 30 ಬರಬೇಕು. ಒಳ್ಳೆಯ ನಿಯಮ, ಕೇಳೋಕೆ ಸುಲಭ. ಇದೇ ನಿಯಮವನ್ನ ನಮ್ಮ ಮೂಡಲ್ ಕೋರ್ಸಿಗೆ ಹಾಕಿ ಅಂತ ಕಾಲೇಜಿನವರು ಹೇಳಿದರು.

ಈಗ ಒಬ್ಬ ಹುಡುಗ 12ರಲ್ಲಿ ಒಂದೇ ಒಂದು ಅಸೈನ್‌ಮೆಂಟ್ ಕೊಟ್ಟ, 100ಕ್ಕೆ 100 ಬಂತು ಅನ್ನಿ. ಖಾಲಿ ಹೊರಗಿಡು ಅನ್ನೋ ಟಿಕ್ ಇದ್ದರೆ ಅವನ ಸರಾಸರಿ 100. ಅಂದರೆ 25ಕ್ಕೆ 25! ಟಿಕ್ ತೆಗೆದರೆ ಉಳಿದ ಏಳು ಸೊನ್ನೆ ಆಗಿ ಸರಾಸರಿ 12.5, ಅಂದರೆ 25ಕ್ಕೆ ಮೂರು ಚಿಲ್ಲರೆ. ಹುಡುಗ ಅದೇ, ಉತ್ತರ ಅದೇ, ಒಂದು ಟಿಕ್ ಅಷ್ಟೇ ವ್ಯತ್ಯಾಸ.

ಇನ್ನೊಬ್ಬಳು ಪ್ರಾಮಾಣಿಕವಾಗಿ 8 ಕೊಟ್ಟಿದ್ದಾಳೆ. ನಾಲ್ಕರಲ್ಲಿ 90, ನಾಲ್ಕರಲ್ಲಿ 50. ನಿಯಮದ ಪ್ರಕಾರ ಸರಾಸರಿ 70. ನೀವು 'ಒಳ್ಳೆಯ 8' ಅನ್ನೋದನ್ನ 'ಕಡಿಮೆ ಬಂದ 4 ಬಿಡು' ಅಂತ ಸೆಟ್ ಮಾಡಿದ್ದೀರಿ, ಮೇಲಿನ ಟಿಕ್ಕೂ ಇದೆ. ಆಗ ಮೂಡಲ್ ಖಾಲಿ ಮನೆಗಳನ್ನ ಮೊದಲು ತೆಗೆದುಹಾಕುತ್ತೆ, ಆಮೇಲೆ ಉಳಿದ ಎಂಟರಲ್ಲಿ ಕೆಳಗಿನ ನಾಲ್ಕನ್ನ ಬಿಡುತ್ತೆ. ಸರಾಸರಿ 90! 12ರಲ್ಲಿ 4 ಬಿಡೋದೂ 8 ಇಟ್ಟುಕೊಳ್ಳೋದೂ ಒಂದೇ ಅಂತ ಬಾಯಲ್ಲಿ ಹೇಳ್ತೀವಿ. ಎಲ್ಲ 12 ತುಂಬಿದ್ದಾಗ ಮಾತ್ರ ಅದು ಒಂದೇ.

ಹಾಗಾದರೆ ಆ ಟಿಕ್ ಮೊದಲ ದಿನವೇ ತೆಗೆದುಬಿಡೋಣ ಅಂದರೆ? ಮೂರನೇ ವಾರದಲ್ಲಿ ಮೂರಕ್ಕೆ ಮೂರೂ ಪೂರ್ತಿ ಅಂಕ ತಗೊಂಡ ಮಗು ತನ್ನ ಒಟ್ಟು ನೋಡಿದರೆ 37.5 ಕಾಣುತ್ತೆ. ರಾತ್ರಿ ಹನ್ನೊಂದಕ್ಕೆ ಅಪ್ಪ ಫೋನ್ ಮಾಡ್ತಾರೆ, "ಸರ್, ನನ್ನ ಮಗಳು ಫೇಲಾ?" ಅಂತ. ನಾನು ಕಂಡುಕೊಂಡ ದಾರಿ ಇಷ್ಟು: ಕೋರ್ಸ್ ನಡೆಯುವಾಗ ಟಿಕ್ ಇರಲಿ, 'ಒಳ್ಳೆಯ 8 ಇಟ್ಟುಕೋ' ಅನ್ನೋ ಆಯ್ಕೆಯೇ ಇರಲಿ, ಕೊನೆಯ ಗಡುವು ಮುಗಿದ ದಿನ ಟಿಕ್ ತೆಗೆಯಿರಿ. ಆದರೆ ಆ ದಿನ ಬೆಳಗಾಗುವಷ್ಟರಲ್ಲಿ ಕೆಲವರ ಒಟ್ಟು ದಬಕ್ ಅಂತ ಬೀಳುತ್ತೆ. ಅದನ್ನ ಮೊದಲ ವಾರದಲ್ಲೇ ಬರೆದು ಹಾಕಿರಬೇಕು, ಆಮೇಲೆ ಹೇಳಿದರೆ ಯಾರೂ ನಂಬಲ್ಲ.

ಇನ್ನು ಎರಡು ಬಾಗಿಲಿನ ವಿಷಯ. ಪರೀಕ್ಷೆಯಲ್ಲಿ 70, ಅಸೈನ್‌ಮೆಂಟಿನಲ್ಲಿ 9, ಒಟ್ಟು 79, ಸರ್ಟಿಫಿಕೇಟ್ ಇಲ್ಲ. 30ಕ್ಕೆ 10 ಸೇರಿ ಒಟ್ಟು 40, ಸರ್ಟಿಫಿಕೇಟ್ ಉಂಟು. ಒಟ್ಟು ಅಂಕ ನೋಡಿ ಪಾಸು ಫೇಲು ಹೇಳುವ ಅಭ್ಯಾಸ ಇಲ್ಲಿ ನಡೆಯಲ್ಲ. ಎರಡು ವಿಭಾಗಕ್ಕೂ ಪ್ರತ್ಯೇಕ ಪಾಸ್ ಅಂಕ ಕೊಡಬೇಕು.

ಈಗ ನಿಜವಾಗಿ ನಡೆದ ಒಂದು ವಿಷಯ ಹೇಳ್ತೀನಿ. ಕಾಲೇಜಿನ ಹೆಸರು ಬೇಡ. ಐದು ಟೆಸ್ಟ್, ತಲಾ 20 ಅಂಕ, ಐದನೆಯದು ಯಂತ್ರವೇ ತಿದ್ದುವ ಕ್ವಿಜ್. ಮಳೆಗಾಲ, ಲೋಕಲ್ ನಿಂತಿತ್ತು, ಕೆಲವರಿಗೆ ಬರೆಯೋಕೆ ಆಗಲಿಲ್ಲ. ನಮ್ಮ ಕಡೆಯ ಮಳೆ ಎಂಥದು ಅಂತ ಗೊತ್ತಲ್ಲ? 2019ರ ಜುಲೈನಲ್ಲಿ ಉಲ್ಲಾಸ್ ನದಿ ಉಕ್ಕಿ ಬದ್ಲಾಪುರ, ವಾಂಗಣಿ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಿನಲ್ಲಿ ಸಿಕ್ಕಿಬಿದ್ದು ಸಾವಿರಕ್ಕೂ ಹೆಚ್ಚು ಜನರನ್ನ ದೋಣಿಯಲ್ಲಿ ಕರೆತಂದರು. ಅಷ್ಟಲ್ಲದಿದ್ದರೂ ಅಂಥದೇ ದಿನ. ವಿಷಯದ ಮೇಷ್ಟ್ರು ಉದಾರವಾಗಿ ಆ ಮಕ್ಕಳಿಗೆ ಒಂದು ವಾರ ಹೆಚ್ಚು ಕೊಟ್ಟರು. ಅಷ್ಟರೊಳಗೆ ಆಫೀಸಿನಲ್ಲಿ ಒಬ್ಬರು, ಶೀಟ್ ಚೆಂದ ಕಾಣಲಿ ಅಂತಲೋ ಏನೋ, ಗ್ರೇಡ್‌ಬುಕ್ ತೆರೆದು ಖಾಲಿ ಮನೆಗಳಿಗೆಲ್ಲ ಕೈಯಾರೆ 0 ಹೊಡೆದುಬಿಟ್ಟಿದ್ದರು.

ಒಬ್ಬ ಹುಡುಗಿಗೆ ಮೊದಲ ನಾಲ್ಕರಲ್ಲಿ 11, 9, 12, 6. ಸೇರಿಸಿದರೆ 38. ಪಾಸಾಗೋಕೆ 40 ಬೇಕು. ಕೊಟ್ಟ ಹೆಚ್ಚಿನ ವಾರದಲ್ಲಿ ಅವಳು ಕ್ವಿಜ್ ಬರೆದಳು, 17 ಬಂತು. ಒಟ್ಟು 55 ಆಗಬೇಕು ತಾನೆ? ಪಟ್ಟಿಯಲ್ಲಿ ಬಂದದ್ದು 38, ಫೇಲು. ಅವಳು ಬಂದು "ಸರ್, ನಾನು ಬರೆದಿದ್ದೀನಿ" ಅಂದರೆ "ಸಿಸ್ಟಮ್‌ನಲ್ಲಿ ಸೊನ್ನೆ ಇದೆಯಲ್ಲಮ್ಮ" ಅಂತ ಉತ್ತರ. ಎರಡು ಸಲ ಹಾಗೇ ವಾಪಸ್ ಕಳಿಸಿದ್ದಾರೆ. ಮನೆಯಲ್ಲಿ ಆಗಲೇ ಓದು ಸಾಕು, ಕೆಲಸಕ್ಕೆ ಹೋಗು ಅನ್ನೋ ಮಾತು ಶುರುವಾಗಿತ್ತಂತೆ.

ಆಗಿದ್ದೇನು? ಗ್ರೇಡ್‌ಬುಕ್‌ನ ಮನೆಯಲ್ಲಿ ನೀವು ನೇರವಾಗಿ ಅಂಕ ಬರೆದರೆ ಮೂಡಲ್ ಅದನ್ನ 'ಓವರ್‌ರೈಡ್' ಅಂತ ಗುರುತು ಹಾಕಿಕೊಳ್ಳುತ್ತೆ. ಆ ಮನೆಯ ಬಣ್ಣವೂ ಬದಲಾಗುತ್ತೆ. ಮನುಷ್ಯ ಹೇಳಿದ ಮಾತೇ ದೊಡ್ಡದು ಅಂತ ಅದರ ನಂಬಿಕೆ! ಅಲ್ಲಿಂದಾಚೆಗೆ ಕ್ವಿಜ್‌ನಿಂದ ಎಷ್ಟೇ ಅಂಕ ಬಂದರೂ ಆ ಮನೆಗೆ ಇಳಿಯಲ್ಲ. ಅಸೈನ್‌ಮೆಂಟ್ ಆಗಿದ್ದರೆ ಮೇಷ್ಟ್ರು ಅಂಕ ಹಾಕಲು ಹೋದಾಗ ಆ ಜಾಗವೇ ಬಂದ್ ಆಗಿರುತ್ತೆ, ತಕ್ಷಣ ಗೊತ್ತಾಗುತ್ತೆ. ಕ್ವಿಜ್‌ನಲ್ಲಿ ಯಂತ್ರವೇ ಅಂಕ ಹಾಕುತ್ತಲ್ಲ, ಹಾಗಾಗಿ ಯಾರೂ ಅಲ್ಲಿಗೆ ಹೋಗಿ ನೋಡಲೇ ಇಲ್ಲ.

ಆ ಹುಡುಗಿಯ ಅದೃಷ್ಟಕ್ಕೆ ಮೂಡಲ್‌ನಲ್ಲಿ ಅಂಕಗಳ ಇತಿಹಾಸದ ವರದಿ ಇದೆ. ಯಾರು, ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಅಂಕವನ್ನ ಬದಲಾಯಿಸಿದರು, ಎಲ್ಲ ಅದರಲ್ಲಿರುತ್ತೆ. ತೆಗೆದು ನೋಡಿದಾಗ ಒಂದೇ ಮಧ್ಯಾಹ್ನ, ಒಂದೇ ಲಾಗಿನ್‌ನಿಂದ ಸಾಲು ಸಾಲು ಸೊನ್ನೆ. ಓವರ್‌ರೈಡ್ ತೆಗೆದ ಕೂಡಲೇ 17 ಬಂದು ಕೂತಿತು. ಅವಳೊಬ್ಬಳದೇ ಅಲ್ಲ, ಆ ವಾರ ಬರೆದ ಬೇರೆಯವರದ್ದೂ. ಅವರು ಕೇಳೋಕೇ ಬಂದಿರಲಿಲ್ಲ. ಅದು ನನಗೆ ಹೆಚ್ಚು ಬೇಜಾರಾದ ವಿಷಯ. ಪರದೆ ಮೇಲೆ ಬಂದ ಅಂಕ ಅಂದರೆ ಅದನ್ನ ಪ್ರಶ್ನೆ ಮಾಡಬಾರದು ಅಂತ ಮಕ್ಕಳು ನಂಬಿಬಿಟ್ಟಿದ್ದಾರೆ.

ಈ ಭಾಗದ ಕಾಲೇಜುಗಳಿಗೆ ಆ ನಂಬಿಕೆ ಒಮ್ಮೆ ಜೋರಾಗಿಯೇ ಅಲುಗಾಡಿತ್ತು. 2017ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಉತ್ತರಪತ್ರಿಕೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಪರದೆಯ ಮೇಲೆ ತಿದ್ದಿಸುವ ಪದ್ಧತಿ ತಂದಿತು. ಸುಮಾರು 17 ಲಕ್ಷ ಪತ್ರಿಕೆ. ರಾಜ್ಯಪಾಲರು ಕೊಟ್ಟ ಜುಲೈ 31ರ ಗಡುವು ದಾಟಿತು, ಫಲಿತಾಂಶ ತಿಂಗಳುಗಟ್ಟಲೆ ತಡವಾಯಿತು, ಕೆಲವು ಪತ್ರಿಕೆಗಳು ಸಿಗಲೇ ಇಲ್ಲ, ಅಂಥವರಿಗೆ ಸರಾಸರಿ ಅಂಕ ಕೊಡಬೇಕಾಯಿತು. ಅಕ್ಟೋಬರ್ 24ರಂದು ಕುಲಪತಿ ಸಂಜಯ್ ದೇಶಮುಖ್ ಅವರನ್ನ ಹುದ್ದೆಯಿಂದ ತೆಗೆದರು. ಕೂಡುವ ಲೆಕ್ಕದಲ್ಲಿ ಕಂಪ್ಯೂಟರ್ ತಪ್ಪಿತು ಅಂತ ನಾನು ಹೇಳ್ತಿಲ್ಲ. ಖಾಲಿ ಮನೆಗೆ ಏನು ತುಂಬಬೇಕು ಅನ್ನೋ ಪ್ರಶ್ನೆಗೆ ಸೊನ್ನೆ, ಗೈರುಹಾಜರಿ ಬಿಟ್ಟು 'ಸರಾಸರಿ' ಅನ್ನೋ ಇನ್ನೊಂದು ಉತ್ತರ ಅವತ್ತು ಬಂತು ನೋಡಿ. ಅದು ನ್ಯಾಯವೇ ಅಲ್ಲವೇ ಅಂತ ಇವತ್ತಿಗೂ ಡೊಂಬಿವಲಿ ಫಾಸ್ಟ್‌ನಲ್ಲಿ ಜಗಳ ಹಚ್ಚಬಹುದು.

ಮಳೆಗೋ ಕಾಯಿಲೆಗೋ ಸಿಕ್ಕಿ ನಿಜವಾಗಿ ಬರೆಯಲಾಗದ ಒಬ್ಬರಿಗೆ ಏನು ಮಾಡಬೇಕು? ಎಲ್ಲರಿಗೂ ಟಿಕ್ ಹಾಕಬೇಕಾಗಿಲ್ಲ. ಆ ಒಬ್ಬರ ಆ ಒಂದು ಅಂಕವನ್ನ ಮಾತ್ರ 'ಹೊರಗಿಡು' ಅಂತ ಗುರುತು ಮಾಡಬಹುದು. ಆಟಕ್ಕುಂಟು, ಲೆಕ್ಕಕ್ಕಿಲ್ಲ! ಇಲ್ಲ ಅಂದರೆ ಆ ವಿದ್ಯಾರ್ಥಿಗೆ ಮಾತ್ರ ಬೇರೆ ಗಡುವು ಕೊಡಬಹುದು. ನಾನಾದರೆ ಎರಡನೆಯದೇ ಮಾಡ್ತೀನಿ, ಬರೆಯೋ ಅವಕಾಶ ಸಿಕ್ಕ ಹಾಗೆ ಆಗುತ್ತೆ.

ಗೂಗಲ್ ಕ್ಲಾಸ್‌ರೂಮ್ ಬಳಸೋರಿಗೆ ಒಂದೇ ಮಾತು. ಅಲ್ಲಿ ನೀವು ಅಂಕ ಹಾಕಿದರೂ 'ರಿಟರ್ನ್' ಒತ್ತುವ ತನಕ ಅದು ಕರಡು, ಮಗುವಿಗೆ ಕಾಣಲ್ಲ. "ಹಾಕಿದ್ದೀನಲ್ಲ" ಅಂತ ಮೇಷ್ಟ್ರು, "ಬಂದಿಲ್ಲ" ಅಂತ ಮಗು. ಇಬ್ಬರೂ ಸರಿ.

ಎಕ್ಸೆಲ್‌ನಲ್ಲಿ ತುಂಬಿ ಒಟ್ಟಿಗೆ ಅಪ್‌ಲೋಡ್ ಮಾಡುವವರು ಹೆಸರಿನ ಮೇಲೆ ಹೊಂದಿಸಬೇಡಿ, ಇಮೇಲ್ ಅಥವಾ ರಿಜಿಸ್ಟರ್ ನಂಬರ್ ಮೇಲೆ ಹೊಂದಿಸಿ. ಒಂದೇ ತರಗತಿಯಲ್ಲಿ ಮೂರು ಜನ ಪೂಜಾ ಪಾಟೀಲ್ ಇರೋ ಊರು ನಮ್ಮದು. ನಂಬರಿನ ಮೊದಲಿನ ಸೊನ್ನೆಯನ್ನ ಎಕ್ಸೆಲ್ ನುಂಗಿಬಿಡುತ್ತೆ, ಅದನ್ನೂ ನೋಡಿಕೊಳ್ಳಿ. ಮತ್ತೆ, ಹೀಗೆ ಅಪ್‌ಲೋಡ್ ಮಾಡಿದ ಅಂಕವೂ ಓವರ್‌ರೈಡ್ ಆಗೇ ಕೂರುತ್ತೆ. ಆ ಶೀಟನ್ನ ಹಾಗೇ ವಾಟ್ಸಾಪ್ ಗುಂಪಿಗೆ ತಳ್ಳೋದಂತೂ ದಯವಿಟ್ಟು ಬೇಡ. ಒಬ್ಬರ ಅಂಕ ಅರವತ್ತು ಮನೆಗೆ ಯಾಕೆ ಹೋಗಬೇಕು?

ನಿಮ್ಮ ಕೈಯಲ್ಲಿ ಈಗಾಗಲೇ ಒಂದು ಕೋರ್ಸ್ ಇದ್ದರೆ ಈ ಶನಿವಾರ ಅರ್ಧ ಗಂಟೆ ತೆಗೆದಿಡಿ. ಹೆಸರಿಗೆ ಮೂವರು ವಿದ್ಯಾರ್ಥಿಗಳನ್ನ ಸೇರಿಸಿ. ಒಬ್ಬರು ಎಲ್ಲವನ್ನೂ ಬರೆದವರು, ಒಬ್ಬರು ಒಂದೇ ಬರೆದವರು, ಒಬ್ಬರು ಏನೂ ಬರೆಯದವರು. ಅವರ ಒಟ್ಟು ಎಷ್ಟು ಬರಬೇಕು ಅಂತ ಮೊದಲು ಕಾಗದದ ಮೇಲೆ ಬರೆದುಕೊಳ್ಳಿ. ಆಮೇಲೆ ಪರದೆ ನೋಡಿ. ಎರಡೂ ತಾಳೆಯಾಗದಿದ್ದರೆ ಕಾಮೆಂಟಿನಲ್ಲಿ ಸೆಟ್ಟಿಂಗ್ ಬರೆದು ಹಾಕಿ, ಅಂಕ ಹಾಕಿ; ಮಕ್ಕಳ ಹೆಸರು ಮಾತ್ರ ಬೇಡ. ಕಸಾರಾ ಲೋಕಲ್‌ನಲ್ಲಿ ಕೂರಲು ಜಾಗ ಸಿಕ್ಕ ದಿನ ಓದಿ ಉತ್ತರ ಬರೀತೀನಿ.