ಅಪ್ಪಣ್ಣನ ಎರಡು ಒತ್ತಕ್ಷರಗಳು
(ಪ್ರಮಾಣಪತ್ರ ವಿತರಣೆಯ ದಿನ ವಿದ್ಯಾರ್ಥಿಗಳ ಪರವಾಗಿ ಆಡಿದ ಮಾತು)

  ನನ್ನ ಸಹಪಾಠಿಗಳಿಗೆ ಹನ್ನೆರಡು, ಹದಿಮೂರು ವರ್ಷ. ನನಗೆ ಇಪ್ಪತ್ತೊಂದು. ಅದಕ್ಕೇ ಗ್ರೂಪ್ ಫೋಟೋದಲ್ಲಿ ನನ್ನನ್ನು ಹಿಂದಿನ ಸಾಲಿಗೆ ಕಳಿಸಿದ್ದಾರೆ. ಇಷ್ಟು ತಡವಾಗಿ ಯಾಕೆ ಬಂದೆ ಎಂದು ಹೇಳಲು ಟೀಚರ್ ಐದು ನಿಮಿಷ ಕೊಟ್ಟಿದ್ದಾರೆ.

ನಾನು ಈ ಶಾಲೆಗೆ ಮೊದಲು ಸೇರಿದ್ದು ಏಳನೇ ವಯಸ್ಸಿನಲ್ಲಿ. ಸ್ವರ, ವ್ಯಂಜನ, ಕಾಗುಣಿತದವರೆಗೆ ಬಂದೆ. ಒತ್ತಕ್ಷರ ಶುರುವಾಗುವ ಹೊತ್ತಿಗೆ ಭಾನುವಾರ ಬೆಳಿಗ್ಗೆ ಸಾಕರ್ ಅಭ್ಯಾಸ ಶುರುವಾಯಿತು. ಶಾಲೆ ಬಿಟ್ಟೆ. ಮನೆಯಲ್ಲಿ ಅಮ್ಮ ಕನ್ನಡದಲ್ಲಿ ಕೇಳುತ್ತಿದ್ದರು, ನಾನು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದೆ.

ಎರಡು ವರ್ಷದ ಹಿಂದೆ ನಮ್ಮ ವಿಶ್ವವಿದ್ಯಾಲಯದ ರಂಗಭೂಮಿ ವಿಭಾಗದವರು ಗಿರೀಶ ಕಾರ್ನಾಡರ ‘ನಾಗಮಂಡಲ’ವನ್ನು ಇಂಗ್ಲಿಷಿನಲ್ಲಿ ಆಡಲು ತೀರ್ಮಾನಿಸಿದರು. ನಾನು ಓದುತ್ತಿದ್ದದ್ದು ಕಂಪ್ಯೂಟರ್ ಸೈನ್ಸ್. ಆದರೂ ‘ನೀನು ಕನ್ನಡದವರಲ್ಲವೇ? ಹೆಸರುಗಳ ಉಚ್ಚಾರಣೆ ಹೇಳಿಕೊಡು’ ಎಂದು ಕರೆದರು. ಹೆಮ್ಮೆಯಿಂದ ಹೋದೆ.

ಈ ನಾಟಕಕ್ಕೂ ಅಮೆರಿಕಕ್ಕೂ ಹಳೆಯ ನಂಟಿದೆ. ಕಾರ್ನಾಡರು 1987-88ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. ಕನ್ನಡದ ನಾಟಕವನ್ನು ತಾವೇ ಇಂಗ್ಲಿಷಿಗೆ ತಂದರು. ಆ ಇಂಗ್ಲಿಷ್ ರೂಪ ಮೊದಲು ರಂಗಕ್ಕೆ ಬಂದದ್ದು ಅಲ್ಲಿನ ವಿದ್ಯಾರ್ಥಿಗಳ ರಂಗಮಂದಿರದಲ್ಲಿಯೇ. 1993ರಲ್ಲಿ ಮಿನಿಯಾಪೊಲಿಸ್‌ನ ಗತ್ರೀ ಥಿಯೇಟರ್ ಕೂಡ ಅದನ್ನು ಆಡಿತು. ನಾಟಕದ ಬೀಜ ಎರಡು ಜನಪದ ಕಥೆಗಳು. ಕಾರ್ನಾಡರಿಗೆ ಅವುಗಳನ್ನು ಹೇಳಿದವರು ಅದೇ ಷಿಕಾಗೊದಲ್ಲಿ ಪಾಠ ಮಾಡುತ್ತಿದ್ದ ನಮ್ಮ ಮೈಸೂರಿನ ಎ.ಕೆ. ರಾಮಾನುಜನ್.

ಮೊದಲ ಓದಿನ ದಿನ ನಟರೆಲ್ಲ ‘ಅಪಾನಾ, ಅಪಾನಾ’ ಎನ್ನುತ್ತಿದ್ದರು. ನಾನು ತಿದ್ದಿದೆ: ಅಪ್ಪ, ಅಣ್ಣ, ಅಪ್ಪಣ್ಣ. ಹೆಂಡತಿ ರಾಣಿಯನ್ನು ಮನೆಯೊಳಗೆ ಕೂಡಿ ಬೀಗ ಹಾಕಿ, ಮಧ್ಯಾಹ್ನ ಊಟಕ್ಕೆ ಮಾತ್ರ ಬರುವ ಗಂಡನ ಹೆಸರಿನಲ್ಲಿ ಅಪ್ಪನೂ ಇದ್ದಾನೆ, ಅಣ್ಣನೂ ಇದ್ದಾನೆ ಎಂದಾಗ ರಾಣಿಯ ಪಾತ್ರ ಮಾಡುವ ಹುಡುಗಿ ಪೆನ್ಸಿಲ್ ಕೆಳಗಿಟ್ಟು ನನ್ನನ್ನೇ ನೋಡಿದಳು. ‘ಇದು ಇಂಗ್ಲಿಷಿನಲ್ಲಿ ಕಾಣುವುದೇ ಇಲ್ಲ’ ಎಂದಳು.

ಮರುವಾರ ನಿರ್ದೇಶಕರು ಗ್ರಂಥಾಲಯದಿಂದ ಕನ್ನಡ ಪುಸ್ತಕವನ್ನೇ ತರಿಸಿದರು. ‘ಒಂದು ಪುಟ ಓದು, ಎಲ್ಲರೂ ಅದರ ಲಯ ಕೇಳಲಿ’ ಎಂದರು. ಹದಿನಾಲ್ಕು ಜನ ಸುತ್ತ ಕುಳಿತು ಕಾಯುತ್ತಿದ್ದರು. ಪುಟ ತೆರೆದೆ. ಅಪ್ಪಣ್ಣ ಎಂಬ ಹೆಸರು ಅಲ್ಲೇ ಇತ್ತು. ಅದರ ಕೆಳಗಿನ ಎರಡು ಒತ್ತು ನನಗೆ ಗೊತ್ತಾಗಲಿಲ್ಲ. ಅವರಿಗೆ ಕಲಿಸಿದ ಹೆಸರನ್ನೇ ನನಗೆ ಓದಲು ಬರಲಿಲ್ಲ. ‘ಕನ್ನಡಕ ಮರೆತಿದ್ದೇನೆ’ ಎಂದು ಸುಳ್ಳು ಹೇಳಿದೆ. ರಾತ್ರಿ ಪುಟದ ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. ಅವರು ಓದಿ ರೆಕಾರ್ಡ್ ಮಾಡಿ ಕಳಿಸಿದರು. ಅಮ್ಮ ಏನೂ ಕೇಳಲಿಲ್ಲ. ಅದೇ ಹೆಚ್ಚು ನೋವಾಯಿತು.

ನಾಟಕದ ಮೊದಲ ದೃಶ್ಯ ನಿಮಗೆ ಗೊತ್ತಿರಬಹುದು. ತನ್ನ ನಾಟಕಗಳಿಂದ ಜನರನ್ನು ನಿದ್ದೆಗೆ ಕೆಡವಿದ ತಪ್ಪಿಗೆ ಒಬ್ಬ ನಾಟಕಕಾರ ಒಂದು ರಾತ್ರಿ ಪೂರ್ತಿ ಎಚ್ಚರವಿರಬೇಕು, ಇಲ್ಲದಿದ್ದರೆ ಸಾವು. ಪಾಳುಗುಡಿಗೆ ಊರಿನ ದೀಪಗಳ ಜ್ವಾಲೆಗಳೆಲ್ಲ ಹರಟೆಗೆ ಬರುತ್ತವೆ. ಒಂದು ಜ್ವಾಲೆ ತನ್ನ ಮನೆಯ ಮುದುಕಿಯ ವಿಷಯ ಹೇಳುತ್ತದೆ. ಆಕೆಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಆಕೆ ಮಲಗಿದ್ದಾಗ ಅವೆರಡೂ ಬಾಯಿಂದ ಹೊರಬಿದ್ದು ಓಡಿಹೋದವು. ಕಥೆ ಹೆಣ್ಣಾಯಿತು, ಹಾಡು ಸೀರೆಯಾಯಿತು.

ನಮ್ಮ ವಿಭಾಗದಲ್ಲಿ ನಿಜವಾದ ಬೆಂಕಿಗೆ ಅನುಮತಿ ಇರಲಿಲ್ಲ. ನಟರು ಬ್ಯಾಟರಿ ದೀಪ ಹಿಡಿದು ಜ್ವಾಲೆಗಳಾದರು. ಮೂರು ರಾತ್ರಿ ಪ್ರದರ್ಶನ. ಮೂರೂ ರಾತ್ರಿ ರೆಕ್ಕೆಯ ಪಕ್ಕದ ಕತ್ತಲಲ್ಲಿ ನಿಂತು ಆ ಮುದುಕಿಯ ಮಾತು ಕೇಳಿದೆ. ಅಮ್ಮ ನನ್ನ ಬಾಯೊಳಗೆ ಇಟ್ಟ ಕನ್ನಡವನ್ನು ನಾನೂ ಹಾಗೇ ಮುಚ್ಚಿಟ್ಟಿದ್ದೆ. ಕೊನೆಯ ಪ್ರದರ್ಶನಕ್ಕೆ ಅಪ್ಪ, ಅಮ್ಮ ಬಂದಿದ್ದರು. ವೇದಿಕೆಯಿಂದ ಒಬ್ಬ ಅಮೆರಿಕನ್ ಹುಡುಗಿ ಎರಡೂ ಒತ್ತು ಬಿಡದೆ ‘ಅಪ್ಪಣ್ಣ’ ಎಂದಳು. ಅಮ್ಮ ಕಣ್ಣೊರೆಸಿಕೊಂಡರು.

ಮುಂದಿನ ಭಾನುವಾರ ಒಂದು ಗಂಟೆ ಕಾರು ಓಡಿಸಿಕೊಂಡು ಇಲ್ಲಿಗೆ ಬಂದೆ. ಟೀಚರ್ ಯಾವ ಪ್ರಶ್ನೆಯನ್ನೂ ಕೇಳದೆ ಒಂಬತ್ತು ವರ್ಷದವರ ಪಕ್ಕದಲ್ಲಿ ಕೂರಿಸಿದರು. ನನ್ನ ಪಕ್ಕದ ಪುಟ್ಟ ಗೆಳೆಯ ‘ಅಕ್ಕಾ, ಣ ಒತ್ತು ಹೀಗೆ’ ಎಂದು ನನ್ನ ಪುಸ್ತಕದಲ್ಲೇ ಬರೆದು ತೋರಿಸಿದ. ಆ ಪುಟ ಇನ್ನೂ ನನ್ನಲ್ಲಿದೆ.

ತಮ್ಮಂದಿರೇ, ತಂಗಿಯರೇ, ಸಾಕರ್ ಆಡಿ. ನಾನೂ ಆಡಿದೆ, ತಪ್ಪೇನಿಲ್ಲ. ಒತ್ತಕ್ಷರ ಮುಗಿಸಿ ಹೋಗಿ, ಅಷ್ಟೇ. ಪೋಷಕರೇ, ಬಿಟ್ಟು ಹೋದವರಿಗೂ ಬಾಗಿಲು ತೆರೆದಿಡಿ.

ಕಳೆದ ತಿಂಗಳು ‘ನಾಗಮಂಡಲ’ವನ್ನು ಕನ್ನಡದಲ್ಲಿ ಮೊದಲಿನಿಂದ ಕೊನೆಯವರೆಗೆ ಓದಿದೆ. ಅಂದು ಓದಲಾಗದ ಆ ಪುಟವನ್ನು ಈ ಸಲ ನಾನೇ ರೆಕಾರ್ಡ್ ಮಾಡಿ ಅಮ್ಮನಿಗೆ ಕಳಿಸಿದೆ.